ಲೈನ್ ಫಾಲೋವರ್ ತಿರುವಿನಲ್ಲಿ ಉಲ್ಟಾ ತಿರುಗುತ್ತೆ, ಹೊರಡುವಾಗ ರೀಸೆಟ್ ಆಗುತ್ತೆ – ಸ್ಪರ್ಧೆಗೆ ನಾಲ್ಕು ವಾರ

ಲ್ಯಾಬ್_ಮೇಡಂ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಹೈಸ್ಕೂಲಿನ ಅಟಲ್ ಟಿಂಕರಿಂಗ್ ಲ್ಯಾಬ್‌ನಿಂದ ನಾಲ್ಕು ಮಕ್ಕಳ ತಂಡ ಲೈನ್ ಫಾಲೋವರ್ (ನೆಲದ ಗೆರೆ ಹಿಡಿದು ತಾನೇ ಓಡುವ ರೋಬೋ) ಸ್ಪರ್ಧೆಗೆ ಹೊರಟಿದೆ. ನಿಯಮ: ರೋಬೋ 20 ಸೆಂ.ಮೀ. ಚೌಕದೊಳಗೆ ಕೂರಬೇಕು, ಬಿಳಿ ಫ್ಲೆಕ್ಸ್ ಮೇಲೆ 25 ಮಿ.ಮೀ. ಕಪ್ಪು ಗೆರೆ, 90 ಡಿಗ್ರಿ ತಿರುವುಗಳಿವೆ, ಒಂದು ಕಡೆ ಗೆರೆ 10 ಸೆಂ.ಮೀ. ಕಡಿದಿರುತ್ತೆ, ಬ್ಯಾಟರಿ 12 ವೋಲ್ಟ್ ದಾಟಬಾರದು.

ಸಾಮಾನು: ಕ್ಲೋನ್ ಆರ್ಡುಯಿನೋ ಉನೋ ಬೋರ್ಡ್ (ಕೋಡ್ ಓಡಿಸುವ ಪುಟ್ಟ ಕಂಪ್ಯೂಟರ್), ಎಲ್298ಎನ್ ಮೋಟರ್ ಡ್ರೈವರ್, 200 ಆರ್‌ಪಿಎಂ ಹಳದಿ ಬಿಒ ಮೋಟರ್ (ಪ್ಲಾಸ್ಟಿಕ್ ಗೇರ್ ಮೋಟರ್) ಎರಡು, ಅನಲಾಗ್ ಔಟ್‌ಪುಟ್ ಇರುವ 5 ಸೆನ್ಸರ್ ಪಟ್ಟಿ, 9 ವೋಲ್ಟ್ ಚೌಕ ಬ್ಯಾಟರಿ.

ತೊಂದರೆ ಎರಡು. ಸ್ವಿಚ್ ಹಾಕಿದ ಕೂಡಲೇ ಮುಂದೆ ಜಿಗಿದು ನಿಂತುಬಿಡುತ್ತೆ, ಮತ್ತೆ ಜಿಗಿಯುತ್ತೆ. ಬೋರ್ಡಿನ ಎಲ್ಇಡಿ ನೋಡಿದರೆ ರೀಸೆಟ್ ಆಗ್ತಿದೆ. ಎರಡನೆಯದು ವಿಚಿತ್ರ. ನಿಧಾನದ ತಿರುವಿನಲ್ಲಿ ಗೆರೆ ಹಿಡಿದೇ ಹೋಗುತ್ತೆ, ಜೋರು ತಿರುವು ಬಂದರೆ ಸರಿಯಾಗಿ ಎದುರು ದಿಕ್ಕಿಗೆ ತಿರುಗಿ ಹೊರಗೆ ಹೋಗುತ್ತೆ. ಕೋಡ್ ಒಂದು ವಿಡಿಯೋ ನೋಡಿ ಮಕ್ಕಳು ಬರೆದದ್ದು. ಗೆರೆಯಿಂದ ಸರಿದದ್ದನ್ನು ತಿದ್ದುವ ಪಿಐಡಿ ಲೆಕ್ಕದಲ್ಲಿ ಕೆಪಿ (ಈಗಿನ ತಪ್ಪಿಗೆ ಗುಣಕ) 25, ಕೆಡಿ (ತಪ್ಪು ಬದಲಾಗುವ ವೇಗಕ್ಕೆ) 15, ಕೆಐ (ಕೂಡಿಬಂದ ತಪ್ಪಿಗೆ) 0. ಸೆನ್ಸರ್ ಸ್ಥಾನ 0ಯಿಂದ 4000, ನಡು 2000.

ಝೀರೋ_ಪಿಸಿಬಿ

ಮೇಡಂ, ರೀಸೆಟ್ ಆಗೋದಕ್ಕೆ ಆ ಚೌಕ ಬ್ಯಾಟರಿಯೇ ಕಾರಣ. ಅದು ಮಲ್ಟಿಮೀಟರ್‌ನಂಥ ಕಡಿಮೆ ಕರೆಂಟ್ ಕೆಲಸಕ್ಕೆ ಇರೋದು, ಒಳ ರೋಧ ಜಾಸ್ತಿ. ಬಿಒ ಮೋಟರ್ ನಿಂತಲ್ಲಿಂದ ಹೊರಡುವ ಕ್ಷಣಕ್ಕೆ ಒಂದೊಂದೂ ಅರ್ಧ ಆಂಪಿಯರ್ ಮೀರಿ ಎಳೆಯುತ್ತೆ. ಎರಡೂ ಒಟ್ಟಿಗೆ ಎಳೆದಾಗ ಬ್ಯಾಟರಿ ವೋಲ್ಟೇಜ್ ಕುಸಿಯುತ್ತೆ, ಅದರ ಹಿಂದೆಯೇ ಬೋರ್ಡಿನ 5 ವೋಲ್ಟ್ ಕೂಡ. ಉನೋದ ಚಿಪ್ಪಿಗೆ 2.7 ವೋಲ್ಟ್ ಹತ್ತಿರ ಇಳಿದರೆ ರೀಸೆಟ್ ಆಗುವ ಹಾಗೆ ಸೆಟ್ಟಿಂಗ್ ಇರುತ್ತೆ. ರೀಸೆಟ್ ಆದಾಗ ಮೋಟರ್ ನಿಲ್ಲುತ್ತೆ, ವೋಲ್ಟೇಜ್ ಏರುತ್ತೆ, ಬೋರ್ಡ್ ಮತ್ತೆ ಶುರು, ಮತ್ತೆ ಜಿಗಿತ. ಬ್ಯಾಟರಿಯನ್ನು ಬರೀ ಮೀಟರ್‌ಗೆ ಹಿಡಿದರೆ 9 ವೋಲ್ಟ್ ಚೆನ್ನಾಗೇ ತೋರಿಸುತ್ತೆ, ಲೋಡ್ ಇಲ್ಲವಲ್ಲ. ಚಕ್ರ ಕೈಯಲ್ಲಿ ಹಿಡಿದು, ಮೋಟರ್ ಓಡಿಸಿ, ಆಗ ಮೀಟರ್ ಓದಿ.

ಎಲ್298ಎನ್ ಹಳೇ ಕಾಲದ ಟ್ರಾನ್ಸಿಸ್ಟರ್ ಚಿಪ್. 1 ಆಂಪಿಯರ್ ಹರಿದರೆ ತಾನೇ 2 ವೋಲ್ಟ್‌ನಷ್ಟು ನುಂಗಿ ಬಿಸಿ ಮಾಡಿಕೊಳ್ಳುತ್ತೆ. 7.4 ವೋಲ್ಟ್ ಕೊಟ್ಟರೆ ಮೋಟರಿಗೆ ಸಿಗೋದು 5 ಚಿಲ್ಲರೆ. ಟಿಬಿ6612ಎಫ್‌ಎನ್‌ಜಿ ಮಾಡ್ಯೂಲಿಗೆ ಬದಲಾಯಿಸಿ. ಮಾಸ್‌ಫೆಟ್ ಇರೋದರಿಂದ ನಷ್ಟ ಬಹಳ ಕಡಿಮೆ, ಒಂದೊಂದು ಚಾನೆಲ್ 1.2 ಆಂಪಿಯರ್ ನಿರಂತರ ತಡೆಯುತ್ತೆ, ಬಿಒ ಮೋಟರಿಗೂ ಎನ್20 ಅನ್ನೋ ಪುಟ್ಟ ಗೇರ್ ಮೋಟರಿಗೂ ಸಾಕು. ಇದರಲ್ಲಿ ಸ್ಟ್ಯಾಂಡ್‌ಬೈ ಅಂತ ಒಂದು ಪಿನ್ ಇದೆ, ಅದನ್ನು 5 ವೋಲ್ಟಿಗೆ ಕಟ್ಟದಿದ್ದರೆ ಮೋಟರ್ ಅಲುಗಾಡುವುದೇ ಇಲ್ಲ. ಮಾಡ್ಯೂಲ್ ಕೆಟ್ಟಿದೆ ಅಂತ ವಾಪಸ್ ಕಳಿಸುವವರಲ್ಲಿ ಅರ್ಧ ಜನ ಈ ಪಿನ್ ಬಿಟ್ಟವರು.

ಸದ್ಯಕ್ಕೆ ಎಲ್298ಎನ್ ಇಟ್ಟುಕೊಳ್ಳೋದಾದ್ರೆ ಎನೇಬಲ್ ಪಿನ್‌ಗಳ ಮೇಲಿನ ಎರಡು ಪುಟ್ಟ ಜಂಪರ್ ಕಿತ್ತು, ಉನೋದ 5 ಮತ್ತು 6ನೇ ಪಿನ್‌ಗೆ ಕೊಡಿ. ಜಂಪರ್ ಇದ್ದರೆ ಎನೇಬಲ್ ಪಿನ್ ಮೂಲಕ ವೇಗ ನಿಯಂತ್ರಣ ಇರಲ್ಲ, ಓಡಿದರೆ ಪೂರ್ತಿ ವೇಗ, ಇಲ್ಲದಿದ್ದರೆ ನಿಲುಗಡೆ. 9 ಮತ್ತು 10 ಬೇಡ. ಮುಂದೆ ಸರ್ವೋ ಲೈಬ್ರರಿ ಸೇರಿಸಿದರೆ ಆ ಎರಡು ಪಿನ್‌ಗಳ ಪಿಡಬ್ಲ್ಯೂಎಂ (ಮೋಟರ್ ವೇಗವನ್ನು 0–255ರಲ್ಲಿ ಹೇಳುವ ಸಂಕೇತ) ಸತ್ತುಹೋಗುತ್ತೆ.

5 ವೋಲ್ಟಿಗೆ ಪ್ರತ್ಯೇಕ ಬಕ್ ಮಾಡ್ಯೂಲ್ (ವೋಲ್ಟೇಜ್ ಇಳಿಸುವ ಪುಟ್ಟ ಬೋರ್ಡ್) ಹಾಕಿ. ಸ್ಕ್ರೂ ತಿರುಗಿಸಿ ಮೀಟರ್‌ನಲ್ಲಿ 5.0 ನೋಡಿಕೊಂಡ ಮೇಲೆಯೇ ಬೋರ್ಡಿನ 5 ವೋಲ್ಟ್ ಪಿನ್‌ಗೆ ಜೋಡಿಸಬೇಕು. ಮೊದಲೇ ಜೋಡಿಸಿ ಆಮೇಲೆ ತಿರುಗಿಸಿದರೆ ಬೋರ್ಡ್ ಹೋಯ್ತು ಅಂತಲೇ. ಡ್ರೈವರಿನ ಬ್ಯಾಟರಿ ಕಡೆ 470 ಅಥವಾ 1000 ಮೈಕ್ರೋಫ್ಯಾರಡ್, 16 ವೋಲ್ಟ್ ಕೆಪಾಸಿಟರ್ ಒಂದು. ಪ್ರತಿ ಮೋಟರಿನ ಎರಡು ಕಾಲಿಗೆ ಅಡ್ಡಲಾಗಿ 104 ಅಂತ ಬರೆದಿರುವ ಸೆರಾಮಿಕ್ ಬಿಲ್ಲೆ ಒಂದೊಂದು. ಗ್ರೌಂಡ್ ಎಲ್ಲ ಒಂದೇ ಜಾಗದಲ್ಲಿ ಕೂಡಿಸಿ.

ಕಲ್ಲಿನಕೋಟೆ_ಕೋಡರ್, ಚಿತ್ರದುರ್ಗ

ಎರಡನೆಯದಕ್ಕೆ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಕೆಪಿ 25, ತಪ್ಪು (ಗೆರೆ ನಡುವಿನಿಂದ ಸರಿದ ಲೆಕ್ಕ, ಕೋಡಿನಲ್ಲಿ ಎರರ್) 2000ದವರೆಗೆ. ಕೋಡಿನಲ್ಲಿ ಕೆಪಿ, ಎರರ್ ಎರಡೂ "ಇಂಟ್" ಅಂತ ಘೋಷಿಸಿದ್ದಾರಾ ನೋಡಿ.

ಉನೋದಲ್ಲಿ ಇಂಟ್ ಅಂದರೆ 16 ಬಿಟ್, ಗರಿಷ್ಠ 32767. ಅದನ್ನು ದಾಟಿದರೆ ಸಂಖ್ಯೆ ಋಣಕ್ಕೆ ಉರುಳುತ್ತೆ. 32767ನ್ನು 25ರಿಂದ ಭಾಗಿಸಿ, 1310 ಬರುತ್ತೆ. ತಪ್ಪು 1310ರವರೆಗೆ ಇರುವಾಗ ಎಲ್ಲ ಸರಿ. 1400 ಆಯಿತು ಅನ್ನಿ, 35000 ಬರಬೇಕಾದ್ದು ಋಣ 30536 ಆಗುತ್ತೆ. ಮಿತಿ ಹಾಕಿದ ಮೇಲೆ ಧನ 255 ಇರಬೇಕಾದ ಕಡೆ ಋಣ 255. ಅಂದರೆ ಎಡಕ್ಕೆ ತಿರುಗಬೇಕಾದ ರೋಬೋ ಪೂರ್ತಿ ವೇಗದಲ್ಲಿ ಬಲಕ್ಕೆ. ಜೋರು ತಿರುವಿನಲ್ಲಿ ಮಾತ್ರ ಉಲ್ಟಾ ಹೊಡೆಯೋದು ಇದಕ್ಕೇ.

ಆ ವಿಡಿಯೋದವರು ಬಹುಶಃ ಡಿಜಿಟಲ್ ಸೆನ್ಸರ್ ಬಳಸಿರುತ್ತಾರೆ. 5 ಡಿಜಿಟಲ್ ಸೆನ್ಸರಿನಲ್ಲಿ ತಪ್ಪು ಋಣ 4ರಿಂದ ಧನ 4ರವರೆಗೆ ಮಾತ್ರ, ಅಲ್ಲಿ ಕೆಪಿ 25 ಸರಿಯಾದ ಅಳತೆ. ನಿಮ್ಮದು 0ಯಿಂದ 4000ದ ಅಳತೆ. ಇಲ್ಲಿ ಕೆಪಿ 0.05ರ ಆಸುಪಾಸಿನಿಂದ ಶುರುವಾಗಬೇಕು. ಬರೀ ಇಂಟ್ ಅನ್ನು ಫ್ಲೋಟ್ (ದಶಮಾಂಶ ಸಂಖ್ಯೆ) ಮಾಡಿ 25 ಹಾಗೇ ಬಿಟ್ಟರೂ ಪ್ರಯೋಜನವಿಲ್ಲ. ತಪ್ಪು 11 ಆದರೆ ಸಾಕು ತಿದ್ದುಪಡಿ 255 ಮುಟ್ಟುತ್ತೆ, ಹಾವಿನ ನಡಿಗೆ ಶುರುವಾಗುತ್ತೆ.

ಸ್ಥಾನ ಲೆಕ್ಕ ಹಾಕುವ ಸಾಲನ್ನೂ ನೋಡಿ. ಪ್ರತಿ ಸೆನ್ಸರಿನ ಓದನ್ನು 0–1000ಕ್ಕೆ ತಂದು, 0, 1000, 2000, 3000, 4000ದಿಂದ ಗುಣಿಸಿ ಕೂಡಿಸುತ್ತೀರಿ. ಒಂದೇ ಗುಣಾಕಾರದಲ್ಲಿ 40 ಲಕ್ಷ ಬರಬಹುದು. ಅದು "ಲಾಂಗ್" (32 ಬಿಟ್ ಪೂರ್ಣಾಂಕ) ಆಗಿರಲೇಬೇಕು. ಕೊನೆಯಲ್ಲಿ ಓದುಗಳ ಮೊತ್ತದಿಂದ ಭಾಗಿಸುವ ಮುಂಚೆ ಮೊತ್ತ 200ಕ್ಕಿಂತ ಕಡಿಮೆ ಇದೆಯಾ ಅಂತ ಕೇಳಿ. ಎಲ್ಲ ಬಿಳಿ ಕಂಡಾಗ ಮೊತ್ತ ಸೊನ್ನೆ, ಭಾಗಾಕಾರದಿಂದ ಬರೋದು ಕಸ.

ಲ್ಯಾಬ್_ಮೇಡಂ

ಹೌದು ಸರ್, ಎಲ್ಲ ಇಂಟ್ ಅಂತಲೇ ಇದೆ. ಮಕ್ಕಳಿಗೆ ಬೋರ್ಡ್ ಮೇಲೆ ಈ 1310ರ ಲೆಕ್ಕ ಮಾಡಿಸುತ್ತೇನೆ.

ಬ್ಯಾಟರಿ ವಿಷಯಕ್ಕೆ ಒಂದು ಅಡಚಣೆ. ಲಿಥಿಯಂ ಅಂದರೆ ಶಾಲೆಯಲ್ಲಿ ಭಯ. ಬೇರೆ ದಾರಿ?

ಮಂಡಿಪೇಟೆ_ಮೆಕ್ಯಾನಿಕ್

ಮೇಡಮ್ಮೋರೆ, ಪೆನ್ಸಿಲ್ ಸೆಲ್ ಸೈಜಿನ ರೀಚಾರ್ಜ್ ನಿಮ್ಹ್ (ನಿಕಲ್ ಮೆಟಲ್ ಹೈಡ್ರೈಡ್) ಸೆಲ್ ಆರು ತಗೊಳ್ರಿ. ಒಂದಕ್ಕೆ 1.2, ಆರಕ್ಕೆ 7.2 ವೋಲ್ಟ್. 2000 ಎಂಎಎಚ್ ಇದ್ರೆ ಇಡೀ ದಿನ ಪ್ರಾಕ್ಟೀಸ್ ಆಗ್ತದ. ಬೆಂಕಿ ಗಿಂಕಿ ಭಯ ಇಲ್ಲ. ಒಂದೇ ಕಂಡೀಷನ್, ಸ್ಪ್ರಿಂಗ್ ಹೋಲ್ಡರ್ ಅಗ್ಗದ್ದು ತಗೋಬ್ಯಾಡ್ರಿ. ಗುಂಡಿಗೆ ಬಿದ್ದಾಗ ಸ್ಪ್ರಿಂಗ್ ಒಂದು ಕ್ಷಣ ಬಿಟ್ರೂ ಬೋರ್ಡ್ ರೀಸೆಟ್. ಸೆಲ್ ಕೂರಿಸಿದ ಮ್ಯಾಲೆ ಸುತ್ತ ಟೇಪ್ ಬಿಗೀರಿ.

ಅಂತಿಮವರ್ಷ_ಇಸಿ

ಅಣ್ಣ, ಅಭ್ಯಾಸಕ್ಕೆ ನಿಮ್ಹ್ ಸರಿ. ಆದರೆ ಆರು ಸೆಲ್ ಹೋಲ್ಡರ್ ಸೇರಿ 170–180 ಗ್ರಾಂ ಹತ್ತಿರ ಬರುತ್ತೆ. ಎರಡು 18650 ಲಿಥಿಯಂ ಸೆಲ್ 95 ಗ್ರಾಂ ಒಳಗೆ. ಹಗುರ ಇದ್ದಷ್ಟೂ ತಿರುವಿನಲ್ಲಿ ಚಕ್ರ ಜಾರೋದು ಕಡಿಮೆ. ಮೇಡಂ, ಭಯಕ್ಕೆ ಕಾರಣ ಇದೆ, ಆದರೆ ನಿಯಮ ಹಾಕಿಕೊಂಡರೆ ನಿಭಾಯಿಸಬಹುದು: ಚಾರ್ಜಿಂಗ್ ಶಿಕ್ಷಕರ ಮುಂದೆ ಮಾತ್ರ, ಸಿಪ್ಪೆ ಹರಿದ ಸೆಲ್ ಕಸಕ್ಕೆ ಹಾಕದೆ ಪ್ರತ್ಯೇಕ ಇಡಬೇಕು, ಒಂದೊಂದು ಸೆಲ್ 3.3 ವೋಲ್ಟಿಗೆ ಇಳಿದರೆ ಓಡಿಸೋದು ನಿಲ್ಲಿಸಬೇಕು, ಪ್ಲಸ್ ತಂತಿಯಲ್ಲಿ 3 ಆಂಪಿಯರ್ ಫ್ಯೂಸ್.

ಮೇಲೆ 9900 ಎಂಎಎಚ್ ಅಂತ ಬರೆದ 18650 ಸಿಕ್ಕರೆ ಮುಟ್ಟಬೇಡಿ. ಆ ಗಾತ್ರದಲ್ಲಿ ಒಳ್ಳೆ ಕಂಪನಿಯ ಸೆಲ್ಲೇ 3500 ಸುತ್ತ ನಿಲ್ಲುತ್ತೆ. ತಕ್ಕಡಿಗೆ ಇಟ್ಟರೆ ಗೊತ್ತಾಗುತ್ತೆ, ಅಸಲಿ 45 ಗ್ರಾಂ ಆಸುಪಾಸಿರುತ್ತೆ, ನಕಲಿ ಬಹಳ ಹಗುರ.

ಮಂಡಿಪೇಟೆ_ಮೆಕ್ಯಾನಿಕ್

ತಮ್ಮಾ, ಶಾಲೆಯವರು ಬ್ಯಾಡ ಅಂದ್ರೆ ಬ್ಯಾಡ. 80 ಗ್ರಾಂ ತೂಕ ಚಾಸಿಯಲ್ಲಿ ಇಳಿಸಬಹುದು. ನಾಲ್ಕು ಎಂ.ಎಂ. ಅಕ್ರಿಲಿಕ್ ಎರಡು ಅಂತಸ್ತು ಯಾಕ ಬೇಕು? 3 ಎಂ.ಎಂ. ಒಂದೇ ಪ್ಲೇಟ್ ಸಾಕು.

ಮೆಕ್ಯಾನಿಕಲ್ ಕಡೆ ನಾಲ್ಕು ಮಾತು ಹೇಳ್ತೀನಿ. ಬಿಒ ಮೋಟರಿನ ತಾಮ್ರದ ಕಿವಿ ಭಾಳ ನಾಜೂಕು, ತಂತಿ ಎರಡು ಸಲ ಬಾಗಿದ್ರೆ ಕಿತ್ತೇ ಬರ್ತದ. ಬೆಸುಗೆ ಹಾಕಿದ ಕೂಡ್ಲೆ ತಂತೀನ ಮೋಟರ್ ಮೈಗೆ ಹಾಟ್ ಗ್ಲೂ ಹಾಕಿ ಕೂರಿಸ್ರಿ. ಸ್ಕ್ರೂ ಎಂ3, 30 ಎಂ.ಎಂ. ಉದ್ದ. ಜಾಸ್ತಿ ಬಿಗಿದ್ರೆ ಗೇರ್‌ಬಾಕ್ಸ್ ಅದುಮಿ ಒಂದು ಚಕ್ರ ನಿಧಾನ ಆಗ್ತದ, ಆಮೇಲೆ ಕೋಡಿನಾಗೆ ತಪ್ಪು ಹುಡುಕ್ತಾ ಕೂರ್ತಾರೆ. ರೋಬೋನ ಎತ್ತಿ ಹಿಡಿದು ಎರಡೂ ಚಕ್ರಕ್ಕೆ ಅದೇ ಪಿಡಬ್ಲ್ಯೂಎಂ ಕೊಡ್ರಿ, ಚಕ್ರಕ್ಕೆ ಟೇಪಿನ ಗುರುತು ಹಾಕಿ 30 ಸೆಕೆಂಡ್ ಸುತ್ತು ಎಣಿಸ್ರಿ. ಶೇಕಡಾ 5ರಷ್ಟು ವ್ಯತ್ಯಾಸ ಇದ್ರೆ ಕಂಟ್ರೋಲ್ ನೋಡಿಕೊಳ್ತದ. ಅದಕ್ಕಿಂತ ಜಾಸ್ತಿ ಇದ್ರೆ ಡಬ್ಬಿಯಿಂದ ಬೇರೆ ಮೋಟರ್ ತೆಗೆದು ಜೋಡಿ ಹೊಂದಿಸ್ರಿ.

ಬ್ಯಾಟರಿ ಭಾರ ಚಕ್ರದ ಅಚ್ಚಿನ ಮ್ಯಾಲೆ ಬರ್ಬೇಕು, ಮುಂದಿನ ಕ್ಯಾಸ್ಟರ್ (ಗುಂಡು ಚಕ್ರ) ಮ್ಯಾಲಲ್ಲ. ಸೆನ್ಸರ್ ಪಟ್ಟಿ ಅಚ್ಚಿನಿಂದ 8–12 ಸೆಂ.ಮೀ. ಮುಂದಿರಲಿ. ಹತ್ತಿರ ಆದ್ರೆ ತಿರುವು ಗೊತ್ತಾಗೋ ಹೊತ್ತಿಗೆ ದಾಟಿರ್ತದ, ದೂರ ಆದ್ರೆ ಮೂತಿ ಅಲ್ಲಾಡ್ತದ. ನಮ್ಮ ಕಡೆ ಧೂಳು ಗೊತ್ತಲ್ಲ, ಪ್ರತಿ ಓಟಕ್ಕೂ ಮುಂಚೆ ಟೈರ್‌ಗೆ ಸ್ಪಿರಿಟ್ ಹಚ್ಚಿದ ಬಟ್ಟೆ, ಕ್ಯಾಸ್ಟರ್ ಗುಂಡಿನ ಗೂಡಿಗೆ ಬ್ರಷ್. ಕೂದಲು ಸುತ್ತಿಕೊಂಡು ಗುಂಡು ತಿರುಗೋದೇ ನಿಂತಿರ್ತದ, ಯಾರೂ ನೋಡಲ್ಲ.

ಕಲ್ಲಿನಕೋಟೆ_ಕೋಡರ್

ಟ್ರ್ಯಾಕ್ ಮತ್ತು ಸೆನ್ಸರ್ ಬಗ್ಗೆ. ಇಂಥ ಪಟ್ಟಿಗಳಲ್ಲಿ ಬಳಸುವ ಟಿಸಿಆರ್‌ಟಿ5000 ಇನ್‌ಫ್ರಾರೆಡ್ ಸೆನ್ಸರಿಗೆ ಅತಿ ಹೆಚ್ಚು ಪ್ರತಿಫಲನ ಸಿಗೋದು 2.5 ಮಿ.ಮೀ. ದೂರದಲ್ಲಿ. ಆದರೆ ಸುರುಳಿ ಬಿಚ್ಚಿದ ಫ್ಲೆಕ್ಸ್ ಅಲ್ಲಲ್ಲಿ 2 ಮಿ.ಮೀ. ಉಬ್ಬಿರುತ್ತೆ, ಹಾಗಾಗಿ 5 ಮಿ.ಮೀ. ಎತ್ತರಕ್ಕೆ ಕಟ್ಟಿ. ಸೆನ್ಸರ್ ನಡುವಿನ ಅಂತರ ಗೆರೆಯ ಅಗಲಕ್ಕಿಂತ ಕಡಿಮೆ ಇರಬೇಕು, 25 ಮಿ.ಮೀ. ಗೆರೆಗೆ 12–15. ಆಗ ಯಾವ ಕ್ಷಣದಲ್ಲೂ ಒಂದಾದರೂ ಗೆರೆ ಮೇಲಿರುತ್ತೆ.

ಅಭ್ಯಾಸದ ಟ್ರ್ಯಾಕಿಗೆ ಹೆಚ್ಚಿನವರು ಇನ್ಸುಲೇಷನ್ ಟೇಪ್ ಅಂಟಿಸುತ್ತಾರೆ. ಅದರ ಅಗಲ 18 ಮಿ.ಮೀ. ಆಸುಪಾಸು, ಎರಡು ಪಟ್ಟಿ ಒಂದರ ಮೇಲೊಂದು 11 ಮಿ.ಮೀ. ಹತ್ತುವಂತೆ ಹಾಕಿದರೆ 25 ಆಗುತ್ತೆ. ಪಿವಿಸಿ ಆದ್ದರಿಂದ ಮೆಲ್ಲಗೆ ಎಳೆದು ಬಗ್ಗಿಸಬಹುದು, ಜೋರು ವಕ್ರಕ್ಕೆ 4 ಸೆಂ.ಮೀ. ತುಂಡು ಮಾಡಿ. ಇಷ್ಟಾದರೂ ಒಂದು ಮೋಸ ಉಳಿಯುತ್ತೆ: ಕಣ್ಣಿಗೆ ಕಪ್ಪಾಗಿ ಕಾಣುವ ಮಸಿಯೆಲ್ಲ ಇನ್‌ಫ್ರಾರೆಡ್‌ಗೆ ಕಪ್ಪಲ್ಲ. ಕೆಲವು ಪ್ರಿಂಟಿಂಗ್ ಮಸಿ, ಮಾರ್ಕರ್ ಮಸಿ ಇನ್‌ಫ್ರಾರೆಡ್ ಬೆಳಕನ್ನು ಹೀರದೆ ಹಾಗೇ ಬಿಟ್ಟುಕೊಡುತ್ತವೆ, ಕೆಳಗಿನ ಬಿಳಿಯೇ ಸೆನ್ಸರಿಗೆ ಕಾಣುತ್ತೆ. ಟೇಪ್ ಮೇಲೆ 850 ಓದು ಕೊಟ್ಟ ಸೆನ್ಸರ್ ಫ್ಲೆಕ್ಸ್ ಗೆರೆ ಮೇಲೆ 400 ಕೊಡಬಹುದು. ಬ್ಯಾನರ್ ಅಂಗಡಿಯಲ್ಲಿ ಗೆರೆ ಹೊಡೆದ ಒಂದು ಅಡಿ ಫ್ಲೆಕ್ಸ್ ಪ್ರಿಂಟ್ ಹಾಕಿಸಿ ಅದರ ಮೇಲೂ ಓದಿ ನೋಡಿ. ಕಪ್ಪು ಬಿಳಿ ಬೇರೆ ಮಾಡುವ ಗಡಿಯನ್ನು ಕೋಡಿನಲ್ಲಿ 500 ಅಂತ ಗಟ್ಟಿ ಬರೆದವರು ಸ್ಪರ್ಧೆಯ ದಿನ ಇದಕ್ಕೇ ಸೋಲುತ್ತಾರೆ.

ಬಿಸಿಲು ಇನ್ನೊಂದು ಶತ್ರು. ಟ್ಯೂಬ್‌ಲೈಟ್, ಎಲ್ಇಡಿ ಬಲ್ಬ್ ತೊಂದರೆ ಕೊಡಲ್ಲ, ಕಿಟಕಿಯ ಬಿಸಿಲು ಕೊಡುತ್ತೆ. ಪಟ್ಟಿಯ ಸುತ್ತ ನೆಲಕ್ಕೆ 2 ಮಿ.ಮೀ. ಬಿಟ್ಟು ರಟ್ಟಿನ ಪರದೆ ಕಟ್ಟಿ. ಸೆನ್ಸರಿನ ಎಲ್ಇಡಿ ಉರಿಯುತ್ತಿದೆಯಾ ಅಂತ ನೋಡಲು ಮೊಬೈಲಿನ ಮುಂದಿನ ಕ್ಯಾಮೆರಾ ಸಾಕು, ಹೆಚ್ಚಿನ ಫೋನುಗಳಲ್ಲಿ ನೇರಳೆ ಚುಕ್ಕೆ ಕಾಣುತ್ತೆ. ಐದರಲ್ಲಿ ಒಂದು ಕಾಣದಿದ್ದರೆ ಅಲ್ಲೇ ಬೆಸುಗೆ ಬಿಟ್ಟಿದೆ. ದುರ್ಗದ ಕಡೆಯವರಿಗೆ ಒಂದು ಮಾತು: ಅಂಗಳದಲ್ಲಿ ಟ್ರ್ಯಾಕ್ ಹಾಸಬೇಡಿ, ನಮ್ಮ ಗಾಳಿಗೆ ಫ್ಲೆಕ್ಸ್ ಹಾರಿ ಜೋಗಿಮಟ್ಟಿ ಬೆಟ್ಟ ಸೇರುತ್ತೆ.

ಪಿಐಡಿ_ಪ್ರಿಯ

ಈಗ ಟ್ಯೂನಿಂಗ್. ಕ್ರಮ ಬಿಡಬೇಡಿ. ಮೂಲ ವೇಗ (ಪಿಡಬ್ಲ್ಯೂಎಂ) 90, ಕೆಐ 0, ಕೆಡಿ 0, ಕೆಪಿ 0.05. ತಪ್ಪು 2000 ಇದ್ದಾಗ ತಿದ್ದುಪಡಿ 100 ಬರುತ್ತೆ. ನೇರ ಗೆರೆಯಲ್ಲಿ ಬಿಟ್ಟು ನೋಡಿ. ತಿರುವಿನಲ್ಲಿ ಹೊರಗೆ ಹೋದರೆ ಕೆಪಿ 0.01ರಂತೆ ಏರಿಸಿ. ಒಂದು ಹಂತದಲ್ಲಿ ನೇರ ಗೆರೆಯಲ್ಲೂ ಅಲ್ಲಾಡಲು ಶುರು ಮಾಡುತ್ತೆ. ಅಲ್ಲಿ ನಿಲ್ಲಿಸಿ, ಕೆಡಿಯನ್ನು ಕೆಪಿಯ ಹತ್ತು ಪಟ್ಟಿನಿಂದ ಶುರು ಮಾಡಿ ಏರಿಸಿ. ಅಲ್ಲಾಟ ನಿಂತು, ಮೋಟರ್ ಗರಗರ ಸದ್ದು ಮಾಡಲು ಶುರುವಾದರೆ ಕೆಡಿ ಜಾಸ್ತಿಯಾಯ್ತು ಅಂತ. ಆಮೇಲೆ ಮೂಲ ವೇಗ 10ರಂತೆ ಏರಿಸಿ, ಪ್ರತಿ ಸಲವೂ ಕೆಡಿ ಸ್ವಲ್ಪ ತಿದ್ದಬೇಕಾಗುತ್ತೆ. ಕೆಐ ಕಡೆ ತಲೆ ಹಾಕಬೇಡಿ, ಇಂಥ ಟ್ರ್ಯಾಕಿಗೆ ಅದರ ಅಗತ್ಯ ಕಂಡಿಲ್ಲ.

ಬಿಒ ಮೋಟರ್ ಪಿಡಬ್ಲ್ಯೂಎಂ 60–70ರ ಕೆಳಗೆ ಗುಂಯ್ ಅನ್ನುತ್ತೆ, ತಿರುಗಲ್ಲ. ಒಳಗಿನ ಚಕ್ರದ ಲೆಕ್ಕ 40 ಬಂದರೆ ಅದು ನಿಂತ ಹಾಗೆಯೇ. ಲೆಕ್ಕ ಸೊನ್ನೆಯ ಕೆಳಗೆ ಹೋದಾಗ ಚಕ್ರ ಹಿಂದಕ್ಕೆ ತಿರುಗುವಂತೆ ಬರೆಯಿರಿ, ಸೊನ್ನೆಗೇ ಕತ್ತರಿಸಿದರೆ 90 ಡಿಗ್ರಿ ಆಗಲ್ಲ.

ಸೀರಿಯಲ್ ಪ್ರಿಂಟ್ ಸಾಲುಗಳನ್ನು ಓಟದ ಕೋಡಿನಿಂದ ತೆಗೆಯಿರಿ. 9600 ವೇಗದಲ್ಲಿ ಒಂದು ಅಕ್ಷರಕ್ಕೆ 1 ಮಿಲಿಸೆಕೆಂಡ್. ಐದು ಸೆನ್ಸರ್ ಓದು ಪ್ರಿಂಟ್ ಮಾಡಿದರೆ 30 ಅಕ್ಷರ, ಬಫರ್ ತುಂಬಿದ ಮೇಲೆ ಕೋಡಿನ ಪ್ರತಿ ಸುತ್ತಿಗೂ 30 ಮಿಲಿಸೆಕೆಂಡ್ ಕಾಯುತ್ತೆ. 65 ಮಿ.ಮೀ. ಚಕ್ರ 200 ಆರ್‌ಪಿಎಂನಲ್ಲಿ ಸೆಕೆಂಡಿಗೆ 68 ಸೆಂ.ಮೀ. ಓಡುತ್ತೆ. ಅಷ್ಟರಲ್ಲಿ ರೋಬೋ ಕಣ್ಣು ಮುಚ್ಚಿಕೊಂಡು 2 ಸೆಂ.ಮೀ. ಹೋಗಿರುತ್ತೆ, ನಿಮ್ಮ ಗೆರೆಯೇ ಎರಡೂವರೆ. ಪ್ರಿಂಟ್ ತೆಗೆದ ಮೇಲೆ ಟ್ಯೂನಿಂಗ್ ಕೆಟ್ಟಿತು ಅಂತ ಅನ್ನಿಸಿದರೆ ಆಶ್ಚರ್ಯ ಬೇಡ. ಸುತ್ತಿನ ಅವಧಿ ಬದಲಾದರೆ ಕೆಡಿಯೂ ಬದಲಾಗಬೇಕು, ಅವಧಿ ಅರ್ಧವಾದರೆ ಕೆಡಿ ದುಪ್ಪಟ್ಟು. ಅದಕ್ಕೇ ಸುತ್ತನ್ನು 5 ಮಿಲಿಸೆಕೆಂಡಿಗೆ ಕಟ್ಟಿಹಾಕಿ.

ಲ್ಯಾಬ್_ಮೇಡಂ

ಕಡಿದ ಗೆರೆಗೂ 90 ಡಿಗ್ರಿ ತಿರುವಿಗೂ ರೋಬೋಗೆ ವ್ಯತ್ಯಾಸ ತಿಳಿಯೋದು ಹೇಗೆ? ಎರಡರಲ್ಲೂ ಕೊನೆಗೆ ಎಲ್ಲ ಬಿಳಿಯೇ ಕಾಣುತ್ತಲ್ಲ?

ಪಿಐಡಿ_ಪ್ರಿಯ

ಬಿಳಿ ಕಾಣುವ ಮುಂಚೆ ಏನು ಕಂಡಿತ್ತು ಅನ್ನೋದರಲ್ಲಿದೆ. 90 ಡಿಗ್ರಿಯಲ್ಲಿ ತುದಿಯ ಸೆನ್ಸರ್ ಕಪ್ಪು ನೋಡಿರುತ್ತೆ. ತುದಿಯ ಎರಡು ಸೆನ್ಸರ್ ಕೊನೆಗೆ ಕಪ್ಪು ಕಂಡ ಸಮಯವನ್ನು ಬೇರೆ ಬೇರೆ ಬರೆದಿಟ್ಟುಕೊಳ್ಳಿ. ಎಲ್ಲ ಬಿಳಿಯಾದಾಗ, ಕಳೆದ 100 ಮಿಲಿಸೆಕೆಂಡಿನಲ್ಲಿ ಎಡ ತುದಿ ಕಪ್ಪು ಕಂಡಿದ್ದರೆ ನಿಂತಲ್ಲೇ ಎಡಕ್ಕೆ ತಿರುಗಿ, ನಡುವಿನ ಸೆನ್ಸರ್ ಕಪ್ಪು ಕಾಣುವವರೆಗೆ. ಯಾವ ತುದಿಯೂ ಕಂಡಿಲ್ಲ ಅಂದರೆ ಕಡಿದ ಗೆರೆ, ನೇರ ಹೋಗಿ. ಸೆಕೆಂಡಿಗೆ 50 ಸೆಂ.ಮೀ. ವೇಗಕ್ಕೆ 10 ಸೆಂ.ಮೀ. ದಾಟಲು 200 ಮಿಲಿಸೆಕೆಂಡ್, 300ರವರೆಗೆ ತಾಳಿ. ಅಷ್ಟರಲ್ಲೂ ಸಿಗದಿದ್ದರೆ ಕೊನೆಯ ತಪ್ಪಿನ ದಿಕ್ಕಿಗೆ ಹುಡುಕಿ. ನೇರ ಹೋಗುವಾಗ ಎರಡು ಮೋಟರಿನ ವ್ಯತ್ಯಾಸ ಎದ್ದು ಕಾಣುತ್ತೆ, ಮೇಲೆ ಮೆಕ್ಯಾನಿಕ್ ಅಣ್ಣ ಹೇಳಿದ ಸುತ್ತು ಎಣಿಕೆ ಇಲ್ಲಿ ಕೆಲಸಕ್ಕೆ ಬರೋದು.

ಅಂತಿಮವರ್ಷ_ಇಸಿ

ಬ್ಯಾಟರಿ ತುಂಬಿದಾಗ ಮಾಡಿದ ಟ್ಯೂನಿಂಗ್ ಮಧ್ಯಾಹ್ನಕ್ಕೆ ಕೆಡುತ್ತೆ, ಅದನ್ನೂ ಸೇರಿಸಿ. ಉನೋದಲ್ಲಿ ಅನಲಾಗ್ ಪಿನ್ ಆರು, ಸೆನ್ಸರಿಗೆ ಐದು ಹೋದರೆ ಒಂದು ಉಳಿಯುತ್ತೆ. 10 ಕಿಲೋ ಓಮ್ ಎರಡು ರೆಸಿಸ್ಟರ್‌ನಿಂದ ಬ್ಯಾಟರಿ ವೋಲ್ಟೇಜ್ ಅರ್ಧ ಮಾಡಿ ಆರನೇ ಪಿನ್‌ಗೆ ಕೊಡಿ. ತುಂಬಿದ ಪ್ಯಾಕ್ 8.4 ಇದ್ದರೂ ಪಿನ್‌ಗೆ 4.2 ಮಾತ್ರ. ಮೋಟರಿಗೆ ಕೊಡುವ ಸಂಖ್ಯೆಯನ್ನು 7.4ರಿಂದ ಗುಣಿಸಿ ಓದಿದ ವೋಲ್ಟೇಜ್‌ನಿಂದ ಭಾಗಿಸಿ. ಬೆಳಿಗ್ಗೆ ಸಂಜೆ ಒಂದೇ ವೇಗ.

ಸ್ಪರ್ಧೆಯಲ್ಲಿ ಟ್ರ್ಯಾಕ್ ಮುಟ್ಟಲು ಕೆಲವೇ ನಿಮಿಷ ಕೊಡುತ್ತಾರೆ, ಲ್ಯಾಪ್‌ಟಾಪ್ ತರಲು ಬಿಡದೇ ಇರಬಹುದು. ಒಂದು ಬಟನ್ ಇಡಿ. ಒತ್ತಿದರೆ ರೋಬೋ 3 ಸೆಕೆಂಡ್ ಗೆರೆ ಮೇಲೆ ಎಡಬಲ ತಿರುಗಿ ಪ್ರತಿ ಸೆನ್ಸರಿನ ಕನಿಷ್ಠ ಗರಿಷ್ಠ ಹಿಡಿಯಬೇಕು, ಈಪ್ರಾಮ್‌ನಲ್ಲಿ ಉಳಿಸಬೇಕು. 5 ಸೆನ್ಸರಿಗೆ 20 ಬೈಟ್ ಸಾಕು, ಉನೋದಲ್ಲಿ 1024 ಇದೆ. ಸ್ವಿಚ್ ಆಫ್ ಮಾಡಿದರೂ ಅಳಿಯಲ್ಲ.

ಕ್ಲೋನ್ ಬೋರ್ಡಿಗೆ ಸಿಎಚ್340 ಡ್ರೈವರ್ (ಅದರ ಯುಎಸ್‌ಬಿ ಚಿಪ್ಪಿನ ಸಾಫ್ಟ್‌ವೇರ್) ಬೇಕು, ತಗೊಂಡು ಹೋಗುವ ಲ್ಯಾಪ್‌ಟಾಪಿನಲ್ಲೇ ಹಾಕಿ ಪರೀಕ್ಷಿಸಿ. ಬದಲಿಗೆ ನ್ಯಾನೋ ಬೋರ್ಡ್ ಇಟ್ಟುಕೊಂಡರೆ ಅಪ್‌ಲೋಡ್ ಆಗದಿದ್ದಾಗ ಪ್ರೊಸೆಸರ್ ಮೆನುವಿನಲ್ಲಿ ಓಲ್ಡ್ ಬೂಟ್‌ಲೋಡರ್ ಆರಿಸಿ.

ಝೀರೋ_ಪಿಸಿಬಿ

ಜಂಪರ್ ತಂತಿ ಸಮೇತ ಬಸ್ ಹತ್ತಿಸಬೇಡಿ. ಬೆಂಗಳೂರೇ ಆಗಲಿ ಹುಬ್ಬಳ್ಳಿಯೇ ಆಗಲಿ, ಇಳಿಯೋ ಹೊತ್ತಿಗೆ ಒಂದಾದರೂ ಸಡಿಲ ಆಗಿರುತ್ತೆ. ಎರಡನೇ ವಾರ ಮುಗಿಯೋದರೊಳಗೆ ಎಲ್ಲ ಝೀರೋ ಪಿಸಿಬಿಗೆ (ಬರೀ ತೂತುಗಳಿರುವ ಬೆಸುಗೆ ಬೋರ್ಡ್) ಬೆಸೆಯಿಸಿ. 25 ವ್ಯಾಟ್ ಐರನ್, 60/40 ಸೀಸ. ಮೊದಲು ಕಾಲು ಬಿಸಿಯಾಗಲಿ, ಆಮೇಲೆ ಸೀಸ ತಾಗಿಸಿ. ಐರನ್ ತುದಿಗೆ ಸೀಸ ಹಚ್ಚಿ ತಂದು ಒರೆಸಿದ ಜಾಯಿಂಟ್ ಮಂಕಾಗಿ ಗುಂಡಗೆ ಕೂರುತ್ತೆ, ಅದೇ ಬಿಡೋದು. ಕರೆಂಟ್ ಇರೋ ಹೊತ್ತು ನೋಡಿಕೊಂಡು ಬೆಸುಗೆ ಕೆಲಸ ಇಟ್ಟುಕೊಳ್ಳಿ.

ಟಿಬಿ6612 ಎರಡು, ಬಕ್ ಎರಡು, ಮೋಟರ್ ನಾಲ್ಕು ಈ ವಾರವೇ ಆರ್ಡರ್ ಮಾಡಿ, ಇಲ್ಲವೇ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವವರ ಕೈಲಿ ತರಿಸಿ. ವೋಲ್ಟೇಜ್ ಕುಸಿತ ಮಕ್ಕಳಿಗೆ ಕಣ್ಣಾರೆ ತೋರಿಸಬೇಕು ಅಂದರೆ ಬಿಐಇಟಿ, ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜುಗಳು ಊರಲ್ಲೇ ಇವೆ. ಶಾಲೆಯ ಪತ್ರ ತಗೊಂಡು ಇಸಿ ವಿಭಾಗದಲ್ಲಿ ಆಸಿಲೋಸ್ಕೋಪ್ ಕೇಳಿ ನೋಡಿ.

ಕಲ್ಲಿನಕೋಟೆ_ಕೋಡರ್

ತೀರ್ಪುಗಾರರು ಮಕ್ಕಳನ್ನೇ ಕೇಳುತ್ತಾರೆ, ಮಾರ್ಗದರ್ಶಕರನ್ನಲ್ಲ. ಹಾಗಾಗಿ ನಾವಿಲ್ಲಿ ಕೊಟ್ಟ ಸಂಖ್ಯೆಗಳನ್ನು ಕೋಡಿಗೆ ನೀವೇ ತುಂಬಿಕೊಡಬೇಡಿ ಮೇಡಂ. ಒಬ್ಬರು ಮೆಕ್ಯಾನಿಕಲ್, ಒಬ್ಬರು ವೈರಿಂಗ್, ಒಬ್ಬರು ಕೋಡ್, ಒಬ್ಬರು ಟ್ರ್ಯಾಕ್ ಮತ್ತು ನೋಟ್‌ಬುಕ್. ನೋಟ್‌ಬುಕ್ಕಿನಲ್ಲಿ ಪ್ರತಿ ಓಟಕ್ಕೂ ಒಂದು ಸಾಲು: ದಿನಾಂಕ, ಬ್ಯಾಟರಿ ವೋಲ್ಟೇಜ್, ಮೂಲ ವೇಗ, ಕೆಪಿ, ಕೆಡಿ, ಸುತ್ತಿನ ಸಮಯ, ಎಲ್ಲಿ ಬಿಟ್ಟಿತು. ಒಂದು ಓಟಕ್ಕೆ ಒಂದೇ ಸಂಖ್ಯೆ ಬದಲಾಗಬೇಕು.

ಪಿಐಡಿ_ಪ್ರಿಯ

ಒಪ್ಪುತ್ತೇನೆ, ಆದರೆ ನಾಲ್ಕು ವಾರದಲ್ಲಿ ಎಲ್ಲವನ್ನೂ ಮಕ್ಕಳೇ ಹುಡುಕಲಿ ಅಂದರೆ ಆಗಲ್ಲ. ಸ್ಥಾನ ಲೆಕ್ಕದ ಭಾಗವನ್ನು ಮೇಡಂ ಬರೆದು ವಿವರಿಸಲಿ, ಟ್ಯೂನಿಂಗ್ ಮಾತ್ರ ಮಕ್ಕಳ ಕೈಯಲ್ಲಿರಲಿ.

ಲ್ಯಾಬ್_ಮೇಡಂ

ಫ್ಲೋಟ್ ಮಾಡಿ ಕೆಪಿ 0.06 ಹಾಕಿದ್ದಾರೆ, ಉಲ್ಟಾ ತಿರುಗೋದು ನಿಂತಿದೆ. ಬ್ಯಾಟರಿ ಇನ್ನೂ ಬಂದಿಲ್ಲ, ಯುಎಸ್‌ಬಿ ತಂತಿಯಲ್ಲೇ ಓಡಿಸುತ್ತಿದ್ದಾರೆ. ಇನ್ನೊಂದು ಪ್ರಶ್ನೆ: ಲ್ಯಾಬ್ ಕಿಟ್‌ನಲ್ಲಿ ಟಿಪಿ4056 ಅನ್ನೋ ಪುಟ್ಟ ಚಾರ್ಜರ್ ಇದೆ. ಎರಡು 18650 ಸಾಲಾಗಿ ಕೂಡಿಸಿ ಅದರಿಂದ ಚಾರ್ಜ್ ಮಾಡಬಹುದಾ?

ಅಂತಿಮವರ್ಷ_ಇಸಿ

ಮಾಡಬೇಡಿ. ಅದು ಒಂದೇ ಸೆಲ್ಲಿಗೆ, 4.2 ವೋಲ್ಟಿಗೆ ನಿಲ್ಲುತ್ತೆ. ಸಾಲಾಗಿರುವ ಎರಡಕ್ಕೆ 8.4 ಬೇಕು, ಪ್ರತಿ ಸೆಲ್ಲನ್ನೂ ಬೇರೆಯಾಗಿ ಸಮ ಮಾಡುವ ಚಾರ್ಜರ್ ಬೇಕು. ಟಿಪಿ4056 ಬಳಸಲೇಬೇಕಿದ್ದರೆ ಸೆಲ್‌ಗಳನ್ನು ಹೋಲ್ಡರಿನಿಂದ ತೆಗೆದು ಒಂದೊಂದಾಗಿ ಹಾಕಿ. 1 ಆಂಪಿಯರ್ ಕೊಡುತ್ತೆ, 2500 ಎಂಎಎಚ್ ಸೆಲ್ಲಿಗೆ ಮೂರು ಗಂಟೆ ಹಿಡಿಯುತ್ತೆ. ಮತ್ತೆ ಕೂರಿಸುವಾಗ ಎರಡೂ ಸೆಲ್ ವೋಲ್ಟೇಜ್ ನೋಡಿ, 0.05ಕ್ಕಿಂತ ಹೆಚ್ಚು ಅಂತರ ಇದ್ದರೆ ಕಡಿಮೆ ಇರೋದನ್ನು ಇನ್ನೊಂದು ಸಲ ಚಾರ್ಜರಿಗೆ ಹಾಕಿ.

ಮಂಡಿಪೇಟೆ_ಮೆಕ್ಯಾನಿಕ್

ನೋಡ್ರಿ, ಅದಕ್ಕೇ ನಿಮ್ಹ್ ಅಂದಿದ್ದು. ಮತ್ತೆ, ಯುಎಸ್‌ಬಿ ತಂತಿ ಹಾಕ್ಕೊಂಡು ಓಡಿಸಿದ ಕೆಪಿ ಲೆಕ್ಕಕ್ಕಿಲ್ಲ. ತಂತಿ ಮೂತಿ ಎಳೀತದ. ಬ್ಯಾಟರಿ ಬಂದ ಮ್ಯಾಲೆ 0.05ರಿಂದ ಮತ್ತೆ ಶುರು ಮಾಡಿಸ್ರಿ.